ಕೂಗು ಎಣಿಸಿದ್ರೆ ಕಪ್ಪೆ ಎಣಿಸಿದ ಹಾಗೆ ಆಗ್ತದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬಂದಡ್ಕದ ಹತ್ರ, ತೋಟದ ಆಚೆ ಕಾಡು. ಮಳೆ ಹಿಡಿದ್ರೆ ಕಪ್ಪೆಗಳ ಗಲಾಟೆಯಲ್ಲಿ ಟಿವಿ ಸಹ ಕೇಳುದಿಲ್ಲ. ಈ ಕಾಡಲ್ಲಿ ಇಷ್ಟು ಜಾತಿ, ಇಷ್ಟು ಕಪ್ಪೆ ಅಂತ ಸರ್ವೆಯವರು ಹೇಳ್ತಾರಲ್ಲ, ಕೂಗು ಕೇಳಿ ಎಣಿಸುದಾ?

ಉತ್ತರ: ಕೂಗಿನಿಂದ ಜಾತಿ ಹೇಳ್ಬಹುದು ಮಾರಾಯ್ರೆ, ಸಂಖ್ಯೆ ಹೇಳ್ಲಿಕ್ಕೆ ಕಷ್ಟ. ಕೂಗುದು ಹೆಚ್ಚಾಗಿ ಗಂಡು, ಹೆಣ್ಣು ಮತ್ತು ಮರಿಗಳು ಸುಮ್ಮನೆ ಎಲೆ ಅಡಿಯಲ್ಲಿ ಕೂತಿರ್ತವೆ, ಮತ್ತೆ ಇಪ್ಪತ್ತು ಮೂವತ್ತು ಒಟ್ಟಿಗೆ ಶುರು ಮಾಡಿದ್ರೆ ಯಾವುದು ಎಲ್ಲಿಂದ ಅಂತ ಯಾರಿಗೂ ಗೊತ್ತಾಗುದಿಲ್ಲ. ಹಾಗಾಗಿ ಎಷ್ಟೋ ಸರ್ವೆಗಳಲ್ಲಿ ಕೂಗಿಗೆ 0ಯಿಂದ 3ರ ವರೆಗೆ ಮಾರ್ಕು ಕೊಡುದು: ಏನೂ ಕೇಳದಿದ್ರೆ 0, ಒಂದೊಂದೇ ಬಿಡಿಬಿಡಿಯಾಗಿ ಎಣಿಸ್ಲಿಕ್ಕೆ ಆದ್ರೆ 1, ಒಂದರ ಮೇಲೊಂದು ಬಿದ್ರೂ ಅಂದಾಜು ಸಿಕ್ಕಿದ್ರೆ 2, ನಿಮ್ಮ ಟಿವಿ ಕೇಳದ ಹಾಗೆ ಆದ್ರೆ 3.

ಸಂಖ್ಯೆಗೆ ಬೇರೆ ದಾರಿ ಉಂಟು. ಕತ್ತಲಾದ ಮೇಲೆ ತಲೆಗೆ ಟಾರ್ಚ್ ಕಟ್ಟಿಕೊಂಡು ಮೊದಲೇ ಗುರುತು ಹಾಕಿದ ಗೆರೆಯಲ್ಲಿ, 100 ಮೀಟರ್ ಅಂತ ಇಟ್ಕೊಳ್ಳಿ, ನಿಧಾನ ನಡೀತಾರೆ, ನೆಲ, ಪೊದೆ, ಎಲೆ, ತೋಡಿನ ಕಲ್ಲು ಎಲ್ಲ ನೋಡ್ತಾ. ಬೆಳಕು ಕಣ್ಣಿನ ಮಟ್ಟದಲ್ಲೇ ಇದ್ರೆ ಕಪ್ಪೆ ಕಣ್ಣು ಮಿಂಚ್ತದೆ, ಕೈಯಲ್ಲಿ ಟಾರ್ಚ್ ಹಿಡಿದ್ರೆ ಅಷ್ಟು ಕಾಣುದಿಲ್ಲ. ಎಷ್ಟು ಜನ ಎಷ್ಟು ಹೊತ್ತು ಹುಡುಕಿದ್ರು ಅಂತ ಬರೆಯುದೇ ಮುಖ್ಯ. ನಾಲ್ಕು ಜನ ಎರಡು ಗಂಟೆಯಲ್ಲಿ 40 ಕಪ್ಪೆ ಕಂಡ್ರೆ ಒಬ್ಬನಿಗೆ ಗಂಟೆಗೆ 5, ಇನ್ನೊಂದು ಕಾಡಿನ ಜೊತೆ ಹೋಲಿಸ್ಲಿಕ್ಕೆ ಆಗುದು ಈ 5 ಮಾತ್ರ.

ತರಗೆಲೆಯಲ್ಲಿ ಅಡಗುವವಕ್ಕೆ ಇದು ಸಾಲುದಿಲ್ಲ. 5 ಮೀಟರ್ ಉದ್ದ 5 ಮೀಟರ್ ಅಗಲ ಹಗ್ಗ ಕಟ್ಟಿ, ನಾಲ್ಕು ಮೂಲೆಯಿಂದ ನಾಲ್ಕು ಜನ ಮೊಣಕಾಲೂರಿ ಎಲೆ ಎಲೆ ಮಗುಚ್ತಾ ನಡುವಿಗೆ ಬರ್ತಾರೆ. ಉಂಬಳ ಹತ್ತುದು ಅದರ ಜೊತೆಗೆ ಫ್ರೀ.

ಹಾಗೆಲ್ಲ ಮಾಡಿದ್ರೂ ಕಂಡದ್ದು ಅಂದ್ರೆ ಇದ್ದದ್ದು ಅಂತ ಅಲ್ಲ. ಒಂದು ಜಾತಿ ಒಂದು ರಾತ್ರಿ ಕಣ್ಣಿಗೆ ಬೀಳುವ ಸಾಧ್ಯತೆ 30 ಪರ್ಸೆಂಟ್ ಅಂತ ಇಟ್ಕೊಳ್ಳಿ, ನಾಲ್ಕು ರಾತ್ರಿ ಹೋದ್ರೂ ಒಮ್ಮೆಯೂ ಕಾಣದೆ ಇರುವ ಸಾಧ್ಯತೆ ಇನ್ನೂ 24 ಪರ್ಸೆಂಟ್ ಉಂಟು. ಅದಕ್ಕೇ ಅದೇ ಗೆರೆಗೆ ಮತ್ತೆ ಮತ್ತೆ ಹೋಗುದು, ಹೊಸ ಜಾತಿ ಸಿಗುದು ನಿಲ್ಲುವ ವರೆಗೆ. ಒಂದೇ ರಾತ್ರಿ ರಾಣಿಪುರದ ಬೆಟ್ಟದ ಕಾಡಿಗೆ ಹೋಗಿ ಲಿಸ್ಟ್ ಮಾಡಿ ಬಂದ್ರೆ ಅದು ಟೂರು, ಸರ್ವೆ ಅಲ್ಲ ಅಂತ ನನ್ನ ಅಭಿಪ್ರಾಯ.

ಕಪ್ಪೆಗಳು ಸಹ ಒಂದೊಂದು ಒಂದೊಂದು ತರ. ಪಾತಾಳ ತವಳ ಅಂತ ಮಲಯಾಳಂ ಪೇಪರಲ್ಲಿ ಬರುವ ನೇರಳೆ ಕಪ್ಪೆ, 2003ರಲ್ಲಿ ಹೆಸರು ಸಿಕ್ಕಿದ್ದು, ವರ್ಷದ ಹೆಚ್ಚಿನ ಭಾಗ ಮಣ್ಣಿನ ಅಡಿಯಲ್ಲೇ ಇದ್ದು ಮುಂಗಾರಿನ ಹೊತ್ತಿಗೆ ಕೆಲವೇ ದಿನ ಮರಿ ಮಾಡ್ಲಿಕ್ಕೆ ಮೇಲೆ ಬರ್ತದೆ, ಆ ದಿನ ತಪ್ಪಿದ್ರೆ ಲಿಸ್ಟಿನಲ್ಲಿ ಇಲ್ಲ. ತೋಡಿನ ಕಲ್ಲಿನ ಮೇಲೆ ಹಿಂಗಾಲು ಚಾಚಿ ಬೀಸುವ ಕುಣಿಯುವ ಕಪ್ಪೆಗಳು ಹಗಲಿನವು, ರಾತ್ರಿ ಮಾತ್ರ ಹೋದವರಿಗೆ ಆ ಕುಣಿತ ಸಿಗುದಿಲ್ಲ, ಪಶ್ಚಿಮ ಘಟ್ಟದಿಂದ 2014ರಲ್ಲಿ ಒಟ್ಟಿಗೆ 14 ಹೊಸ ಜಾತಿ ಹೆಸರಿಸಿದ್ದು ಇದೇ ಗುಂಪಿನದ್ದು. ಇನ್ನು ಟಿಕ್ ಟಿಕ್ ಅನ್ನುವ ಪೊದೆಗಪ್ಪೆಗಳ ಮೊಟ್ಟೆಯಿಂದ ಗೊದಮೊಟ್ಟೆ ಬರುದೇ ಇಲ್ಲ, ನೇರ ಪುಟ್ಟ ಕಪ್ಪೆಯೇ ಬರುದು, ಅವಕ್ಕೆ ಮದಕವೂ ಬೇಡ ಕೆರೆಯೂ ಬೇಡ, ನೀರಿನ ಹತ್ರ ಮಾತ್ರ ಹುಡುಕಿದವನಿಗೆ ಎಷ್ಟೋ ಜಾತಿ ಕೈ ತಪ್ಪಿತು.

ಕಾಡಿಗೆ ರಾತ್ರಿ ಹೋಗ್ಲಿಕ್ಕೆ ಅರಣ್ಯ ಇಲಾಖೆ ಪರ್ಮಿಶನ್ ಬೇಕೇ ಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬೂಟ್ಸು ತೊಳೆದು ಬ್ಲೀಚಿಂಗ್ ನೀರಲ್ಲಿ ಅದ್ದಬೇಕು, ಆಸ್ಟ್ರೇಲಿಯಾ, ಮಧ್ಯ ಅಮೆರಿಕದಲ್ಲಿ ಎಷ್ಟೋ ಕಪ್ಪೆ ಜಾತಿಯನ್ನು ಮುಗಿಸಿದ ಕೈಟ್ರಿಡ್ ಶಿಲೀಂಧ್ರ ಕೆಸರಿನ ಜೊತೆ ದಾಟ್ತದೆ.

ನಿಮ್ಮ ಸ್ವಂತ ತೋಟಕ್ಕೆ ಯಾರ ಪರ್ಮಿಶನ್ನೂ ಬೇಡ. ವಾರಕ್ಕೊಮ್ಮೆ ಅದೇ ದಾರಿ, ಅದೇ ಹೊತ್ತು, ಅರ್ಧ ಗಂಟೆ ನೋಡಿ, ಮಳೆ ಇತ್ತಾ ಇಲ್ವಾ ಬರೀರಿ, ಕೂಗನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ. ಕಪ್ಪೆ ಮುಟ್ಟುದು ಬೇಡ. ಒಂದೂ ಕಾಣದ ದಿನ ಬುಕ್ಕು ಖಾಲಿ ಬಿಡ್ಬೇಡಿ, ಸೊನ್ನೆ ಅಂತ ಬರೀರಿ, ಖಾಲಿ ಬಿಟ್ರೆ ನೀವು ಹೋಗ್ಲಿಲ್ವಾ ಕಪ್ಪೆ ಬರ್ಲಿಲ್ವಾ ಅಂತ ಆಮೇಲೆ ನೋಡುವವರಿಗೆ ಗೊತ್ತಾಗುದು ಹೇಗೆ?