ಬಾಯ್ಲರ್ ಕೊಳ್ಳುವ ಮುಂಚೆ ಮೆಕ್ಕೆಜೋಳ ಮೂಸಿ ನೋಡಿ

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಮಿನೆಸೋಟಾದ ರಾಚೆಸ್ಟರ್ ಊರಾಚೆ ಐದು ಎಕರೆ ಜಾಗ, ಅದರಲ್ಲೊಂದು ಹಳೇ ರೈತರ ಮನೆ ಕೊಂಡಿದ್ದಾನೆ. ಕೆಲಸ ಕಂಪ್ಯೂಟರ್ ಮುಂದೆ. ಮೊದಲ ಚಳಿಗಾಲದಲ್ಲಿ ಮನೆ ಕಾಯಿಸಿದ ಪ್ರೊಪೇನ್ ಗ್ಯಾಸಿನ ಬಿಲ್ ನೋಡಿ ಆ ಚಳಿಯಲ್ಲೂ ಬೆವತು ಹೋಗಿದ್ದನಂತೆ.

"ಅಣ್ಣಾ, ಸುತ್ತ ಎಲ್ಲಿ ನೋಡಿದ್ರೂ ಮೆಕ್ಕೆಜೋಳ. ಹೊರಗಡೆ ಇಡ್ತಾರಲ್ಲ, ಜೋಳ ಉರಿಸೋ ಬಾಯ್ಲರ್, ಅದನ್ನ ಹಾಕಿಸಿಬಿಡ್ಲಾ? ಯಾವ ಕಂಪನೀದು ಒಳ್ಳೇದು?"

"ಎಮ್ಮೆ ತರೋ ಮುಂಚೆ ಮೇವು ಎಲ್ಲಿದೆ, ಹಾಕೋರು ಯಾರು ಅಂತ ನೋಡ್ಕೋಬೇಕಪ್ಪಾ" ಅಂದೆ. ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಉತ್ತರ ಅಯೋವಾ ಮತ್ತು ದಕ್ಷಿಣ ಮಿನೆಸೋಟಾದ ಮನೆಗಳಲ್ಲಿ ಬಿಸಿನೀರಿನ ಹೀಟಿಂಗ್ ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಹುಟ್ಟಿದ್ದು ದಾವಣಗೆರೆ ಕಡೆ. ನಮ್ಮಲ್ಲಿ ಮೆಕ್ಕೆಜೋಳ ಅಂತೀವಿ. ಹಾವೇರಿ ಕಡೆ ಗೋವಿನಜೋಳ, ಮೈಸೂರು ಕಡೆ ಮುಸುಕಿನಜೋಳ. ಊರಲ್ಲಿ ಕಾಳು ಬಿಡಿಸಿ ಮಾರಿ, ಉಳಿದ ದಿಂಡನ್ನು ಬಚ್ಚಲ ಒಲೆಗೆ ಹಾಕುತ್ತಿದ್ದೆವು. ಇಲ್ಲಿ ಕಾಳನ್ನೇ ಒಲೆಗೆ ಹಾಕುತ್ತಾರೆ ಅಂತ ಹೇಳಿದಾಗ ನಮ್ಮಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದು ತಿನ್ನುವ ಸಿಹಿ ಜೋಳ ಅಲ್ಲ, ದನಕ್ಕೂ ಎಥನಾಲ್ ಕಾರ್ಖಾನೆಗೂ ಹೋಗುವ ಹಳದಿ ಕಾಳು, ಅಮೆರಿಕದ ಬೆಳೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥನಾಲ್‌ಗೇ ಹೋಗುತ್ತದೆ ಅಂತೆಲ್ಲ ವಿವರಿಸಿದೆ. ಅಮ್ಮ ಒಪ್ಪಲಿಲ್ಲ. ಒಪ್ಪಲೇಬೇಕು ಅಂತ ನಾನೂ ಹಟ ಮಾಡಲಿಲ್ಲ.

ಬಾಯ್ಲರ್ ಅಂದರೆ ದೊಡ್ಡ ಹಂಡೆ ಅಂದುಕೊಳ್ಳಿ. ಮನೆಯಿಂದ ಐವತ್ತು ನೂರು ಅಡಿ ದೂರ, ಸಣ್ಣ ಶೆಡ್ ಥರದ ಪೆಟ್ಟಿಗೆ. ಮೇಲೆ ಅಥವಾ ಪಕ್ಕದಲ್ಲಿ ಕಾಳು ತುಂಬುವ ಹಾಪರ್. ಅಲ್ಲಿಂದ ಆಗರ್, ಅಂದರೆ ತಿರುಪಿನಂಥ ಸರಳು, ಕಾಳನ್ನು ಸ್ವಲ್ಪ ಸ್ವಲ್ಪವೇ ಉರಿಯುವ ಬಟ್ಟಲಿಗೆ ತಳ್ಳುತ್ತದೆ. ಬ್ಲೋವರ್ ಗಾಳಿ ಊದುತ್ತದೆ. ಸುತ್ತಲಿನ ನೀರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ. ಪಂಪ್ ಅದನ್ನು ನೆಲದಡಿಯ ಪೈಪ್‌ನಲ್ಲಿ ಮನೆಗೆ ಕಳಿಸಿ, ತಣ್ಣಗಾದ ನೀರನ್ನು ವಾಪಸ್ ತರುತ್ತದೆ. ಮನೆಯೊಳಗೆ ಬೂದಿ, ಹೊಗೆ, ಇಲಿ ಯಾವುದೂ ಬರುವುದಿಲ್ಲ. ಹೊರಗೆ ಇಡುವುದರ ಸುಖ ಅಷ್ಟೇ. ಕಷ್ಟವೆಲ್ಲ ಆ ಪೈಪ್‌ನಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ಇಲ್ಲಿ ಜೋಳ ಅಳೆಯುವುದು ಬುಶೆಲ್‌ನಲ್ಲಿ. ಒಂದು ಬುಶೆಲ್ ಅಂದರೆ 56 ಪೌಂಡ್, ನಮ್ಮ 25 ಕಿಲೋ ಚಿಲ್ಲರೆ. ಚೆನ್ನಾಗಿ ಒಣಗಿದ ಬುಶೆಲ್‌ನಲ್ಲಿ ಸುಮಾರು 3,90,000 ಬಿಟಿಯು (ಶಾಖ ಅಳೆಯುವ ಮಾನ) ಶಾಖ ಇರುತ್ತದೆ. ಪ್ರೊಪೇನ್ ಗ್ಯಾಲನ್‌ಗೆ 91,500. ಹೊರಗಿನ ಬಾಯ್ಲರ್ ಮತ್ತು ಪೈಪ್‌ನ ನಷ್ಟ ಕಳೆದು ಜೋಳದ ಶಾಖದಲ್ಲಿ 70 ಪರ್ಸೆಂಟ್ ಮನೆಗೆ ಸೇರಿತು ಅಂತಿಟ್ಟುಕೊಳ್ಳಿ. ಒಳ್ಳೇ ಪ್ರೊಪೇನ್ ಫರ್ನೇಸ್, ಅಂದರೆ ಮನೆ ಕಾಯಿಸುವ ಯಂತ್ರ, 92 ಪರ್ಸೆಂಟ್ ಕೊಡುತ್ತದೆ. ಹಾಗಾದರೆ ಒಂದು ಬುಶೆಲ್ ಜೋಳಕ್ಕೆ ಮೂರೂಕಾಲು ಗ್ಯಾಲನ್ ಪ್ರೊಪೇನ್ ಸಮ. ಈ ಮೂರೂಕಾಲನ್ನು ನೆನಪಿಟ್ಟುಕೊಂಡರೆ ಸಾಕು. ಜೋಳದ ಬೆಲೆಯನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆ ಪ್ರೊಪೇನ್ ಬೆಲೆಗಿಂತ ತುಂಬಾ ಕೆಳಗಿದ್ದರೆ ಮಾತ್ರ ಮುಂದೆ ಯೋಚಿಸಿ.

ಹುಡುಗನ ಲೆಕ್ಕ ಹಾಕಿದೆ. ವರ್ಷಕ್ಕೆ 1,200 ಗ್ಯಾಲನ್ ಹತ್ತಿರ ಪ್ರೊಪೇನ್ ಸುಡುತ್ತಾನೆ. ಅದಕ್ಕೆ ಬದಲು ಸುಮಾರು 370 ಬುಶೆಲ್ ಜೋಳ ಬೇಕು, ಅಂದರೆ ಒಂಬತ್ತು ಟನ್ ಮೇಲೆ. ಅಯೋವಾದ ಒಳ್ಳೇ ಹೊಲದಲ್ಲಿ ಎಕರೆಗೆ 200 ಬುಶೆಲ್ ಬರುತ್ತದೆ, ಹಾಗಾಗಿ ಎರಡು ಎಕರೆಗೂ ಕಮ್ಮಿ ಬೆಳೆ ಅವನ ಮನೆ ಕಾಯಿಸುತ್ತದೆ. ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಜೋಳ 4 ಡಾಲರ್, ಪ್ರೊಪೇನ್ 1.80 ಡಾಲರ್ ಇದ್ದರೆ ವರ್ಷಕ್ಕೆ ಉಳಿಯುವುದು ಸುಮಾರು 680 ಡಾಲರ್. ಬಾಯ್ಲರ್, ಪೈಪ್, ಅಗೆತ, ಕೂಲಿ ಎಲ್ಲ ಸೇರಿ ಹತ್ತು ಸಾವಿರ ಆದರೂ ಸುಮಾರು ಹದಿನೈದು ವರ್ಷ ಬೇಕು. ಕರೆಂಟು, ರಿಪೇರಿ ಬೇರೆ. ಮನೆಗೆ ನ್ಯಾಚುರಲ್ ಗ್ಯಾಸ್ ಲೈನ್ ಇದ್ದವರು ಈ ಅಂಕಣವನ್ನು ಇಲ್ಲಿಗೇ ಬಿಡಬಹುದು. ಅವರಿಗೆ ಜೋಳ ಗಿಟ್ಟುವುದು ಅಪರೂಪ.

ಇನ್ನೊಂದು, ಜೋಳದ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ ಗ್ಯಾಸ್ ಬೆಲೆ ಏರಿತು. ಆಗ ಜೋಳ ಬುಶೆಲ್‌ಗೆ 2 ಡಾಲರ್ ಆಸುಪಾಸು. ಜನ ಜೋಳದ ಒಲೆ, ಬಾಯ್ಲರ್‌ಗೆ ಮುಗಿಬಿದ್ದರು. ಆಮೇಲೆ ಎಥನಾಲ್ ಬೇಡಿಕೆ ಏರಿತು, ಜೋಳವೂ ಏರಿತು. 2012ರ ಬರದಲ್ಲಿ 8 ಡಾಲರ್ ದಾಟಿತು. 2022ರ ವಸಂತದಲ್ಲಿ ಮತ್ತೆ 8ಕ್ಕೆ ಬಂತು. ಆ ವರ್ಷಗಳಲ್ಲಿ ಎಷ್ಟೋ ಬಾಯ್ಲರ್‌ಗಳು ಹುಲ್ಲಿನ ಮಧ್ಯೆ ತುಕ್ಕು ಹಿಡಿದವು. ಬಾಯ್ಲರ್ ತಯಾರಿಸುತ್ತಿದ್ದ ಕೆಲವರು ಅಂಗಡಿ ಮುಚ್ಚಿದರು. ಹಾಗಂತ ಪ್ರೊಪೇನ್ ಸಾಧು ಅಂತಲ್ಲ. 2013ರ ಶರತ್ಕಾಲ ಒದ್ದೆಯಾಗಿತ್ತು. ರೈತರು ಹಸಿ ಜೋಳ ಒಣಗಿಸಲು ಪ್ರೊಪೇನನ್ನೇ ಯಥೇಚ್ಛ ಸುಟ್ಟರು. 2014ರ ಜನವರಿಯಲ್ಲಿ ಕಡು ಚಳಿ ಬಿದ್ದಾಗ ಈ ಭಾಗದಲ್ಲಿ ಪ್ರೊಪೇನ್ ಸಿಗುವುದೇ ಕಷ್ಟವಾಗಿ ಬೆಲೆ ಗಗನಕ್ಕೇರಿತು. ಆ ತಿಂಗಳು ಜೋಳದ ಬಾಯ್ಲರ್ ಇದ್ದವರು ಮೀಸೆ ತಿರುವಿದ್ದನ್ನು ನಾನೇ ನೋಡಿದ್ದೇನೆ.

ಅದಕ್ಕೇ ಹೇಳುವುದು, ಹಳೇ ಪ್ರೊಪೇನ್ ಫರ್ನೇಸ್ ಕಿತ್ತು ಹಾಕಬೇಡಿ. ಎರಡೂ ಇರಲಿ. ಯಾವುದು ಅಗ್ಗವೋ ಅದನ್ನು ಉರಿಸಿ.

ಈಗ ಕಾಳು. ಯಾರ ಮನೆಗೆ ಹೋದರೂ ನಾನು ಮೊದಲು ಕೈ ಹಾಕುವುದು ಜೋಳದ ರಾಶಿಗೆ. ಒಂದು ಮುಷ್ಟಿ ತೆಗೆದು ಮೂಸುತ್ತೇನೆ. ಮುಗ್ಗಲು ವಾಸನೆ ಬಂದರೆ ತೇವ ಇದೆ ಅಂತ ಅರ್ಥ. 15 ಪರ್ಸೆಂಟ್ ತೇವದವರೆಗೆ ನಡೆಯುತ್ತದೆ, 12ಕ್ಕೆ ಇಳಿದರೆ ಉರಿ ಚೆಂದ. ಆಮೇಲೆ ಕಾಳನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿದು ಊದುತ್ತೇನೆ. ಕೆಂಪು ಸಿಪ್ಪೆ, ನುಚ್ಚು, ದಿಂಡಿನ ಚೂರು ಹಾರಿದರೆ ಜರಡಿ ಹಿಡಿದಿಲ್ಲ ಅಂತ. ಈ ಕಸವೇ ಆಗರ್‌ಗೆ ಸಿಕ್ಕಿಕೊಳ್ಳುವುದು. ಅದು ಸಿಕ್ಕಿಕೊಳ್ಳುವ ಹೊತ್ತು ರಾತ್ರಿ ಎರಡು ಗಂಟೆಯೇ ಆಗಿರುತ್ತದೆ, ಏನು ಶಾಪವೋ. ಬಿತ್ತನೆಗೆ ಔಷಧಿ ಹಚ್ಚಿದ ಕಾಳು ಅಗ್ಗಕ್ಕೆ ಸಿಕ್ಕಿತು ಅಂತ ಯಾವ ಕಾರಣಕ್ಕೂ ಸುಡಬೇಡಿ. ಆ ಹೊಗೆ ವಿಷ.

ಜೋಳಕ್ಕೆ ಒಂದು ಕೆಟ್ಟ ಗುಣ ಇದೆ. ಅದರ ಬೂದಿಯಲ್ಲಿ ಪೊಟ್ಯಾಶ್, ರಂಜಕ ಜಾಸ್ತಿ. ಹಾಗಾಗಿ ಸೌದೆ ಬೂದಿಯ ಹಾಗೆ ಪುಡಿಯಾಗಿ ಉಳಿಯದೆ ಕರಗಿ ಗಟ್ಟಿಯಾಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಸಿಗುವ ಕಿಟ್ಟ ನೋಡಿದ್ದೀರಲ್ಲ, ಅದೇ ಥರ. ಇಲ್ಲಿ ಕ್ಲಿಂಕರ್ ಅನ್ನುತ್ತಾರೆ. ಅದು ಬಟ್ಟಲಿನ ಗಾಳಿ ತೂತು ಮುಚ್ಚಿದರೆ ಉರಿ ಸೊರಗಿ ಹೊಗೆ ಏಳುತ್ತದೆ. ಅದಕ್ಕೇ ಜೋಳದ ಬಾಯ್ಲರ್‌ನಲ್ಲಿ ಬಟ್ಟಲನ್ನು ಸದಾ ಕಲಕುವ ಕೈ ಇರಬೇಕು, ಇಲ್ಲವೇ ಕ್ಲಿಂಕರನ್ನು ಹೊರಗೆ ತಳ್ಳುವ ವ್ಯವಸ್ಥೆ ಇರಬೇಕು. ಪೆಲೆಟ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆ. "ಇದು ಪೆಲೆಟ್ ಬಾಯ್ಲರ್, ಜೋಳನೂ ಹಾಕ್ಬಹುದು" ಅಂತ ಮಾರುವವರು ಹೇಳಿದರೆ, ಕಲಕುವ ಕೈ ಎಲ್ಲಿದೆ ತೋರಿಸಿ ಅನ್ನಿ. ಹಳಬರು ಜೋಳಕ್ಕೆ ಒಂದಿಷ್ಟು ಸಿಂಪಿ ಚಿಪ್ಪಿನ ಪುಡಿ ಬೆರೆಸುತ್ತಾರೆ. ಕೋಳಿಗಳಿಗೆ ಹಾಕುವ ಅದೇ ಪುಡಿ. ಅದರ ಸುಣ್ಣದಂಶಕ್ಕೆ ಬೂದಿ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಕಟ್ಟಿಗೆ ಪೆಲೆಟ್ ಬೆರೆಸಿದರೂ ಸುಧಾರಿಸುತ್ತದೆ. ಹೊತ್ತಿಸುವಾಗಂತೂ ಒಂದು ಹಿಡಿ ಪೆಲೆಟ್ ಬೇಕೇ ಬೇಕು, ಬರೀ ಜೋಳ ಬೇಗ ಕಿಡಿ ಹಿಡಿಯುವುದಿಲ್ಲ. ಜೋಳದ ಹೊಗೆ ಕಬ್ಬಿಣವನ್ನೂ ಬೇಗ ತಿನ್ನುತ್ತದೆ. ಚಿಮಣಿ ಕೊಳವೆ ಜೋಳಕ್ಕೆಂದೇ ಮಾಡಿದ ಸ್ಟೇನ್‌ಲೆಸ್ ಸ್ಟೀಲ್‌ದೇ ಆಗಿರಲಿ.

ಸೈಜಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ದೊಡ್ಡದು ತರುತ್ತಾರೆ. ದೊಡ್ಡ ಬಾಯ್ಲರ್ ಚಳಿಗಾಲದ ಮುಕ್ಕಾಲು ಭಾಗ ಸುಮ್ನೆ ಗುಮುಗುಮು ಅಂತ ಹೊಗೆಯಾಡುತ್ತಾ ಕೂರುತ್ತದೆ. ಮನೆಯ ಗೋಡೆ, ಕಿಟಕಿ, ಅಟ್ಟ ಅಳೆದು ಶಾಖದ ಬೇಡಿಕೆ ಲೆಕ್ಕ ಹಾಕಿಸಿ. ಹುಡುಗನ ಮನೆಗೆ ಹೊರಗೆ ಮೈನಸ್ 25 ಡಿಗ್ರಿ ಇದ್ದಾಗ ಗಂಟೆಗೆ 60,000 ಬಿಟಿಯು ಬೇಕು. ಡೀಲರ್ ಅವನಿಗೆ ತೋರಿಸಿದ್ದು ಅದರ ಮೂರು ಪಟ್ಟಿನದು.

ಆದರೆ 60,000 ಅಂದರೂ ಅಂಥ ದಿನ ಐದು ಬುಶೆಲ್, 130 ಕಿಲೋ ಜೋಳ ಹೋಗುತ್ತದೆ. ಹಾಪರ್ ಎಷ್ಟು ಹಿಡಿಯುತ್ತದೆ? ತುಂಬುವವರು ಯಾರು? ದೊಡ್ಡ ಬಿನ್‌ನಿಂದ ತಾನಾಗಿ ಇಳಿಯುವ ವ್ಯವಸ್ಥೆ ಇದೆಯೋ, ಬಕೆಟ್ ಹೊರಬೇಕೋ? ಇದನ್ನು ಫೋನಿನಲ್ಲಿ ಕೇಳುತ್ತಿದ್ದ ಅವನ ಹೆಂಡತಿ ಹಿಂದಿನಿಂದ, "ಇವ್ರು ಡಿಸೆಂಬರ್‌ನಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೋಗ್ತಾರಲ್ಲ ಸರ್, ಆಗ ನಾನು ಹೊರಬೇಕಾ?" ಅಂದರು. ಇಡೀ ಮಾತುಕತೆಯಲ್ಲಿ ಅದಕ್ಕಿಂತ ಒಳ್ಳೇ ಪ್ರಶ್ನೆ ಬರಲಿಲ್ಲ.

ಕರೆಂಟು ಹೋದರೆ ಆಗರ್, ಬ್ಲೋವರ್, ಪಂಪ್ ಮೂರೂ ನಿಲ್ಲುತ್ತವೆ. ನೀರು ಹೆಪ್ಪುಗಟ್ಟಿ ಪೈಪ್ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಜನರೇಟರ್ ಇರಲಿ, ನೀರು ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ. ಕಾರಿಗೆ ಹಾಕುವ ಆಂಟಿಫ್ರೀಜ್ ಬೇಡ. ಉರಿ ಆಗರ್ ಹಿಡಿದು ಹಿಂದಕ್ಕೆ, ಹಾಪರ್‌ಗೆ ಹಬ್ಬದಂತೆ ತಡೆ ಇದೆಯಾ ಅಂತಲೂ ಕೇಳಿ. ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ. ಅಮೆರಿಕದ ಪರಿಸರ ಇಲಾಖೆ 2015ರಲ್ಲಿ ಕಟ್ಟಿಗೆಯ ಬಾಯ್ಲರ್‌ಗಳ ಹೊಗೆಗೆ ಮಿತಿ ಹಾಕಿ, 2020ರ ಮೇ ತಿಂಗಳಿಂದ ಅದನ್ನು ಇನ್ನೂ ಬಿಗಿ ಮಾಡಿದೆ. ಪೆಲೆಟ್ಟೂ ಜೋಳವೂ ಎರಡನ್ನೂ ಉರಿಸುವ ಮಾಡೆಲ್ ಆದರೆ ಈ ಮಿತಿಯ ಬಗ್ಗೆ ಅದರ ಲೇಬಲ್ ಏನು ಹೇಳುತ್ತದೆ ಅಂತ ಓದಿ. ಊರಿನ ಆಫೀಸಿನಲ್ಲಿ ಬೇಲಿಯಿಂದ ಎಷ್ಟು ದೂರ ಇಡಬೇಕು ಅಂತ ಕೇಳಿ.

ಈಗ ಪೈಪ್. ಇದು ನಾನು ಪೆಟ್ಟು ತಿಂದು ಕಲಿತದ್ದು. ಹೊಸತರಲ್ಲಿ ಒಬ್ಬ ಗಿರಾಕಿಗೆ ದುಡ್ಡು ಉಳಿಸಿಕೊಡೋಣ ಅಂತ, ಗುಳ್ಳೆ ಹಾಳೆ ಸುತ್ತಿ ಕೊಳವೆಯೊಳಗೆ ತೂರಿಸಿದ ಅಗ್ಗದ ಪೈಪ್ ಹೂತೆ. ಮೊದಲ ವರ್ಷ ಪರವಾಗಿಲ್ಲ. ಎರಡನೇ ವರ್ಷ ಮಳೆನೀರು ಒಳಗೆ ಸೇರಿತು. ಬಿಸಿನೀರಿನ ಪೈಪ್ ತಣ್ಣೀರಲ್ಲಿ ಮಲಗಿದ ಹಾಗಾಯಿತು. ಬಾಯ್ಲರ್ ಬಾಯಿಗೆ ಎಷ್ಟು ಸುರಿದರೂ ಮನೆ ಬೆಚ್ಚಗಾಗಲಿಲ್ಲ. ನನ್ನ ಕೈಯಿಂದ ಖರ್ಚು ಮಾಡಿ ಅಗೆದು ಬದಲಿಸಿದೆ. ಅವತ್ತಿನಿಂದ, ಎರಡು ಪೈಪ್‌ಗಳ ಸುತ್ತ ಫೋಮ್ ಗಟ್ಟಿಯಾಗಿ ತುಂಬಿದ, ನೀರು ನುಗ್ಗದ ಪೈಪ್ ಬಿಟ್ಟು ಬೇರೆ ಹೂಳಿಲ್ಲ. ಬೆಲೆ ಅಡಿಗೆ ಹಲವು ಪಟ್ಟು ಜಾಸ್ತಿ. ಬಾಯ್ಲರ್‌ನಲ್ಲಿ ಚೌಕಾಸಿ ಮಾಡಿ, ಇಲ್ಲಿ ಬೇಡ. ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಿ. ನಮ್ಮ ಅಯೋವಾದಲ್ಲಿ 42 ಇಂಚು, ಮಿನೆಸೋಟಾದ ಉತ್ತರಕ್ಕೆ ಹೋದರೆ 60. ವಾಪಸ್ ಬರುವ ನೀರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಹಾಗೆ, ಅದಕ್ಕೆ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ. ಇಲ್ಲದಿದ್ದರೆ ಬಾಯ್ಲರ್ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ.

ಹುಡುಗ ಆ ವರ್ಷ ಬಾಯ್ಲರ್ ಕೊಳ್ಳಲಿಲ್ಲ. ಅಟ್ಟಕ್ಕೆ ಇನ್ಸುಲೇಶನ್ ಹಾಕಿಸಿದ, ಬಿಲ್ ಸ್ವಲ್ಪ ಇಳಿಯಿತು. ಫೆಬ್ರವರಿಯಲ್ಲಿ ಮತ್ತೆ ಫೋನ್. ಹತ್ತಿರದ ರೈತರೊಬ್ಬರು ಮನೆ ಬಿಟ್ಟು ಪಟ್ಟಣ ಸೇರುತ್ತಿದ್ದಾರೆ, ಅವರ ಹಳೇ ಬಾಯ್ಲರ್ ಪೈಪ್ ಸಮೇತ ಎರಡು ಸಾವಿರ ಡಾಲರ್‌ಗೆ ಕೊಡುತ್ತಾರಂತೆ. ಆಗರ್ ಮೋಟರ್‌ನ ಬಿಡಿಭಾಗ ಈಗಲೂ ಸಿಗುತ್ತದಾ ವಿಚಾರಿಸು, ಒಳಗಿನ ನೀರು ಒಂದು ಲೋಟದಲ್ಲಿ ಹಿಡಿದು ಬಣ್ಣ ನೋಡು, ಬಾಯ್ಲರ್‌ನಿಂದ ಅವರ ಮನೆಯವರೆಗಿನ ನೆಲದ ಒಂದು ಫೋಟೋ ಕಳಿಸು ಅಂದೆ.

"ನೆಲದ್ದಾ ಅಣ್ಣ? ಬರೀ ಹಿಮ ಇದೆಯಲ್ಲ."

ಸಂಜೆ ಫೋಟೋ ಬಂತು. ಮೊಣಕಾಲುದ್ದ ಹಿಮದ ಮಧ್ಯೆ, ಶೆಡ್‌ನಿಂದ ಮನೆಯ ಗೋಡೆವರೆಗೆ ಒಂದಡಿ ಅಗಲಕ್ಕೆ ಹಿಮವೇ ಇಲ್ಲ. ಹುಲ್ಲು ಹಸಿರಾಗಿತ್ತು.

"ಬಾಯ್ಲರ್ ಬೇಕಾದ್ರೆ ತಗೋ, ಒಂದೂವರೆ ಸಾವಿರಕ್ಕೆ ಕೇಳು. ಪೈಪ್ ಅಲ್ಲೇ ಬಿಡು" ಅಂತ ಬರೆದು ಕಳಿಸಿದೆ.