ಸೊಳ್ಳೆಯ ಒಡಲಲ್ಲೇ ಒಂದು ಕಾವಲು

ಉಷ್ಣವಲಯದ ನಗರಗಳಲ್ಲಿ ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಮತ್ತು ಹಳದಿ ಜ್ವರದ ವೈರಸ್‌ಗಳನ್ನು ಮನುಷ್ಯರಿಂದ ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಒಂದೇ ಜಾತಿಯ ಸೊಳ್ಳೆ, ಈಡಿಸ್ ಈಜಿಪ್ಟಿ. ತೊಟ್ಟಿ, ಹಳೆಯ ಟೈರು, ಹೂಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನ ಅಂಚಿನಲ್ಲಿ ಮೊಟ್ಟೆ ಇಡುವ, ಹಗಲಿನಲ್ಲಿ ಕಚ್ಚುವ, ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರದ ಈ ಕೀಟವನ್ನು ಸೋಲಿಸುವುದು ಅಸಾಧ್ಯವೇನಲ್ಲ. ಒಮ್ಮೆ ಸೋಲಿಸಿದ್ದೂ ಉಂಟು.

ಹಳದಿ ಜ್ವರವನ್ನು ಹರಡುವುದು ಸೊಳ್ಳೆಯೇ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು; 1900ರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಅದನ್ನು ಸಾಬೀತುಪಡಿಸಿತು. 1947ರಲ್ಲಿ ಅಮೆರಿಕ ಖಂಡಗಳ ದೇಶಗಳು ಒಟ್ಟಾಗಿ ಈ ಸೊಳ್ಳೆಯ ನಿರ್ಮೂಲನಕ್ಕೆ ಕೈಹಾಕಿದವು. ಮನೆಮನೆ ತಪಾಸಣೆ ಮತ್ತು ಡಿಡಿಟಿ ಸಿಂಪಡಣೆಯ ಫಲವಾಗಿ 1962ರ ಹೊತ್ತಿಗೆ ಮುಖ್ಯಭೂಮಿಯ 18 ದೇಶಗಳು ಅದರಿಂದ ಮುಕ್ತವಾಗಿದ್ದವು. ಆಮೇಲೆ ನಿಗಾ ಸಡಿಲಗೊಂಡಿತು, ಹಣ ಕಡಿಮೆಯಾಯಿತು, ಸೊಳ್ಳೆ ಮರಳಿತು, ಅದರ ಹಿಂದೆಯೇ ಡೆಂಗಿಯೂ ಬಂದಿತು. ಪಾತ್ರೆಯ ಗೋಡೆಗೆ ಅಂಟಿದ ಇದರ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುತ್ತದೆ. ಮನುಷ್ಯರ ಉತ್ಸಾಹಕ್ಕೆ ಅಷ್ಟು ಬಾಳಿಕೆಯಿಲ್ಲ ಎಂಬುದೇ ಈ ಇಡೀ ಸಮಸ್ಯೆಯ ತಿರುಳು ಎಂದು ನಾನು ನಂಬಿದ್ದೇನೆ.

ಬೀದಿಯಲ್ಲಿ ಹೊಡೆಯುವ ಹೊಗೆ ಹಾರುತ್ತಿರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ. ಮನೆಯೊಳಗೆ ಬಟ್ಟೆಗಳ ಮರೆಯಲ್ಲಿ ಕುಳಿತದ್ದನ್ನಾಗಲಿ, ನೀರಿನಲ್ಲಿ ಬೆಳೆಯುತ್ತಿರುವ ಮರಿಗಳನ್ನಾಗಲಿ ಅದು ಮುಟ್ಟುವುದಿಲ್ಲ. ಅನೇಕ ಕಡೆ ಸೊಳ್ಳೆಗಳು ಆ ಕೀಟನಾಶಕಗಳಿಗೇ ಒಗ್ಗಿಹೋಗಿವೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿದ್ದು, ಲಸಿಕೆ ನಾಲ್ಕನ್ನೂ ತಡೆಯಬೇಕಾದ್ದರಿಂದ ಆ ದಾರಿಯೂ ತೊಡಕಿನದು.

ಹೀಗಾಗಿ, ನಾವು ಕೈಬಿಟ್ಟ ಮೇಲೂ ತನ್ನಷ್ಟಕ್ಕೆ ಮುಂದುವರಿಯುವ ಉಪಾಯವೊಂದು ಬೇಕಿತ್ತು. ಅದು ಸಿಕ್ಕಿದ್ದು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದಲ್ಲಿ. 1924ರಲ್ಲಿ ಬೇರೊಂದು ಜಾತಿಯ ಸೊಳ್ಳೆಯಲ್ಲಿ ಮೊದಲು ಕಂಡ ಇದು ಅಸಂಖ್ಯ ಕೀಟಗಳ ಜೀವಕೋಶಗಳೊಳಗೆ ವಾಸಿಸುತ್ತದೆ. ಆದರೆ ಈಡಿಸ್ ಈಜಿಪ್ಟಿಯಲ್ಲಿ ಇದು ಸಹಜವಾಗಿ ಇರಲಿಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಮತ್ತು ಸಂಗಡಿಗರು ಹಣ್ಣುನೊಣದಲ್ಲಿದ್ದ ವೊಲ್ಬಾಕಿಯಾವನ್ನು ಸೂಕ್ಷ್ಮ ಸೂಜಿಯಿಂದ ಈ ಸೊಳ್ಳೆಯ ಮೊಟ್ಟೆಗಳಿಗೆ ಸೇರಿಸಿ, ಅದು ಪೀಳಿಗೆಯಿಂದ ಪೀಳಿಗೆಗೆ ಉಳಿಯುವಂತೆ ಮಾಡಿದರು. ಅದು ಒಳಗಿದ್ದರೆ ಡೆಂಗಿ ವೈರಸ್ ಸೊಳ್ಳೆಯ ದೇಹದಲ್ಲಿ ಸರಿಯಾಗಿ ವೃದ್ಧಿಯಾಗುವುದಿಲ್ಲ. ಬ್ಯಾಕ್ಟೀರಿಯಾ ಇರುವ ಗಂಡು, ಇಲ್ಲದ ಹೆಣ್ಣಿನೊಡನೆ ಕೂಡಿದರೆ ಮೊಟ್ಟೆಗಳು ಒಡೆಯುವುದಿಲ್ಲ. ಇರುವ ಹೆಣ್ಣಿನ ಮೊಟ್ಟೆಗಳಾದರೋ ಗಂಡು ಯಾವುದಿದ್ದರೂ ಒಡೆಯುತ್ತವೆ, ತಾಯಿಯ ಬ್ಯಾಕ್ಟೀರಿಯಾವನ್ನೂ ಪಡೆಯುತ್ತವೆ. ಈ ಸರಳ ಮೇಲುಗೈಯಿಂದಾಗಿ ವೊಲ್ಬಾಕಿಯಾ ಕೆಲವೇ ತಿಂಗಳುಗಳಲ್ಲಿ ಒಂದು ಪ್ರದೇಶದ ಸೊಳ್ಳೆಗಳನ್ನೆಲ್ಲ ವ್ಯಾಪಿಸಬಲ್ಲದು.

2011ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಬಳಿ ಇಂಥ ಸೊಳ್ಳೆಗಳನ್ನು ಮೊದಲು ಹೊರಗೆ ಬಿಡಲಾಯಿತು. ಗಟ್ಟಿ ಪುರಾವೆ ದೊರೆತದ್ದು ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ. ನಗರವನ್ನು 24 ಭಾಗಗಳಾಗಿ ವಿಂಗಡಿಸಿ, ಚೀಟಿ ಎತ್ತಿದಂತೆ ಆರಿಸಿದ 12ರಲ್ಲಿ ಮಾತ್ರ ಸೊಳ್ಳೆ ಬಿಟ್ಟು ಹೋಲಿಸಿ ನೋಡಲಾಯಿತು. ಆ ಭಾಗಗಳಲ್ಲಿ ಡೆಂಗಿ ಶೇ. 77ರಷ್ಟು, ಆಸ್ಪತ್ರೆ ಸೇರಬೇಕಾದ ಡೆಂಗಿ ಶೇ. 86ರಷ್ಟು ಕಡಿಮೆಯಿತ್ತು ಎಂದು 2021ರಲ್ಲಿ ಪ್ರಕಟವಾಯಿತು. ಮಗುವಿನ ಜ್ವರ ಇಳಿಯಲೆಂದು ರಾತ್ರಿಯಿಡೀ ಎಚ್ಚರವಿದ್ದವರಿಗೆ ಈ ಅಂಕಿಗಳ ತೂಕ ತಿಳಿಯುತ್ತದೆ.

ಆದರೂ ಇದಕ್ಕೊಂದು ದೌರ್ಬಲ್ಯವಿದೆ. ಬಿಸಿಲಿಗೆ ಕಾದ ನೀರಿನಲ್ಲಿ ಮರಿಗಳು ಬೆಳೆದರೆ ಹಣ್ಣುನೊಣದ ವೊಲ್ಬಾಕಿಯಾ ಅವುಗಳ ದೇಹದಲ್ಲಿ ಕ್ಷೀಣಿಸುತ್ತದೆ. ಆದ್ದರಿಂದ ಏಷ್ಯಾದ ಹುಲಿಸೊಳ್ಳೆಯಿಂದ ಪಡೆದ, ಶಾಖವನ್ನು ಹೆಚ್ಚು ತಾಳಬಲ್ಲ ಇನ್ನೊಂದು ತಳಿಯನ್ನು ಕೌಲಾಲಂಪುರದಲ್ಲಿ ಪರೀಕ್ಷಿಸಲಾಗಿದ್ದು, ಅಲ್ಲಿ ಡೆಂಗಿ ಸುಮಾರು ಶೇ. 40ರಷ್ಟು ಇಳಿದಿದೆ.