ಮೊದಲು ಯಾವ ಪವರ್ ಟೂಲ್ ತಗೊಳ್ಳಲಿ?

ಪ್ರಶ್ನೆ: ಮನೆಯ ಒಂದು ಮೂಲೆಯಲ್ಲಿ ಮರಗೆಲಸ ಶುರು ಮಾಡುವ ಆಸೆ. ಶೆಲ್ಫು, ಸ್ಟೂಲು, ಪುಟ್ಟ ಪೆಟ್ಟಿಗೆ, ಇಷ್ಟೇ. ಡ್ರಿಲ್, ಗ್ರೈಂಡರ್, ಗರಗಸ ಎಲ್ಲ ಇರುವ ದೊಡ್ಡ ಸೆಟ್ ಒಂದೇ ಸಲ ತಗೊಂಡುಬಿಡಲಾ?

ಬೇಡ. ಒಂದೊಂದಾಗಿ ತಗೊಳ್ಳಿ. ಮೊದಲನೆಯದು ಬ್ಯಾಟರಿ ಡ್ರಿಲ್ ಆಗಿರಲಿ. ತೂತು ಕೊರೆಯುವುದು, ಸ್ಕ್ರೂ ಹಾಕುವುದು ಎರಡೂ ಅದರಲ್ಲೇ ಆಗುತ್ತದೆ. ಶೆಲ್ಫಿನ ಅರ್ಧ ಕೆಲಸ ಇವೆರಡೇ ಅಲ್ವಾ?

ಡ್ರಿಲ್ಲಿನ ಮೂತಿಯ ಹಿಂದೆ ಅಂಕಿಗಳಿರುವ ಒಂದು ಬಳೆ ಇದೆಯಾ ನೋಡಿ. ಅದೇ ಕ್ಲಚ್, ಸ್ಕ್ರೂ ಬಿಗಿಯಾದಾಗ ಡ್ರಿಲ್ಲಿನ ಒತ್ತಡವನ್ನು ತಪ್ಪಿಸುವ ಭಾಗ. ಸ್ಕ್ರೂ ಹಾಕುವವರಿಗೆ ಇದು ಬೇಕೇ ಬೇಕು. ಬೇಡದ ಹಲಗೆಯ ತುಂಡೊಂದರಲ್ಲಿ ಪರೀಕ್ಷೆ ಮಾಡಿ. ಬಳೆಯನ್ನು 5ಕ್ಕೆ ಇಟ್ಟು ಟ್ರಿಗರ್ ಒತ್ತಿ. ಸ್ಕ್ರೂ ಅರ್ಧ ಇಳಿದು, ಟಕಟಕ ಸದ್ದು ಬಂದು ನಿಂತುಬಿಡಬಹುದು. ಒಂದೆರಡು ಅಂಕಿ ಏರಿಸಿ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ಟಕಟಕ ಅಂದರೆ ಆ ಮರಕ್ಕೆ, ಆ ಸ್ಕ್ರೂಗೆ ಅದೇ ಸರಿಯಾದ ಅಂಕಿ. ಕ್ಲಚ್ ಇಲ್ಲದೆ ಸುಮ್ನೆ ಜೋರಾಗಿ ತಿರುಗಿಸಿದರೆ ತಲೆ ಮರದೊಳಗೆ ಮುಳುಗುತ್ತದೆ. ಇಲ್ಲವೇ ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಬಿಟ್ ಜಾರಿ ತಲೆಯ ಗುರುತು ಸವೆದುಹೋಗುತ್ತದೆ. ಹಾಗೆ ಸವೆದ ಸ್ಕ್ರೂ ಬಿಚ್ಚುವ ಕಷ್ಟ ಯಾರಿಗೂ ಬೇಡ. 4 ಮಿಲಿಮೀಟರ್ ಸ್ಕ್ರೂಗೆ ಮೊದಲೇ 2.5 ಅಥವಾ 3 ಮಿಲಿಮೀಟರ್ ತೂತು ಕೊರೆದುಕೊಂಡರೆ ಮರ ಸೀಳುವ ಭಯವೂ ಕಡಿಮೆ.

ಗೇರ್ ಎರಡಿರಲಿ. ಸ್ಕ್ರೂಗೆ ನಿಧಾನದ 1, ತೂತಿಗೆ ವೇಗದ 2. ಪೆಟ್ಟಿಗೆಯ ಮೇಲೆ ಒಂದು ಕಂಪನಿ 18 ವೋಲ್ಟ್ ಅಂತ, ಇನ್ನೊಂದು 20 ವೋಲ್ಟ್ ಅಂತ ಬರೆದಿರುತ್ತದೆ. ಎರಡರೊಳಗೂ ಇರುವುದು ಐದು ಸೆಲ್‌ಗಳ ಸಾಲೇ. ಫುಲ್ ಚಾರ್ಜ್ ಆದಾಗ ಒಂದೊಂದು ಸೆಲ್ 4 ವೋಲ್ಟಿನ ಆಸುಪಾಸಿನಲ್ಲಿ ಇರುತ್ತದೆ, ಕೆಲಸದ ಹೊತ್ತಿನಲ್ಲಿ ಸರಾಸರಿ 3.6. ಐದರಿಂದ ಗುಣಿಸಿದರೆ 20 ಮತ್ತು 18. ಹಾಗಾಗಿ 20 ಅಂತ ಕಂಡರೆ ಶಕ್ತಿ ಜಾಸ್ತಿ ಅಂದುಕೊಳ್ಳಬೇಡಿ.

ಡ್ರಿಲ್ಲಿಗಿಂತ ಬ್ಯಾಟರಿಯ ಬಗ್ಗೆ ಹೆಚ್ಚು ಯೋಚನೆ ಮಾಡಿ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಟೂಲಿಗೆ ಕೂರುವುದಿಲ್ಲ. ಮುಂದೆ ನಿಮಗೆ ಬೇಕಾಗುವ ಗರಗಸ, ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಅದೇ ಬ್ಯಾಟರಿಗೆ ಸಿಗುತ್ತವಾ ಅಂತ ಈಗಲೇ ನೋಡಿಕೊಳ್ಳಿ. ಆಮೇಲೆ ಬ್ಯಾಟರಿ ಇಲ್ಲದ ಬರೀ ಟೂಲ್ ಕೊಂಡರೆ ಸಾಕಾಗುತ್ತದೆ.

ಎರಡನೆಯದು ಕತ್ತರಿಸಲು. ಹೊಸಬರಿಗೆ ನಾನು ಹೇಳುವುದು ಜಿಗ್‌ಸಾ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸ. ಸೊಟ್ಟ ಗೆರೆ, ದುಂಡು ಎಲ್ಲ ಕೊಯ್ಯಬಹುದು. ಹೆಚ್ಚಿನ ಬ್ಲೇಡುಗಳು ಮೇಲಕ್ಕೆ ಬರುವಾಗ ಕೊಯ್ಯುತ್ತವೆ. ಅದಕ್ಕೇ ಪ್ಲೈವುಡ್ಡಿನ ಮೇಲ್ಮೈ ಸಿಬಿರೇಳುವುದು. ಚೆಂದದ ಬದಿ ಕೆಳಗಿರಲಿ. ಉದ್ದನೆಯ ನೇರ ಗೆರೆಗೆ ಮಾತ್ರ ಜಿಗ್‌ಸಾ ನಂಬಬೇಡಿ, ಬ್ಲೇಡ್ ವಾಲುತ್ತದೆ. ದೊಡ್ಡ ಹಲಗೆಗಳನ್ನು ಪದೇ ಪದೇ ಸೀಳುವ ಕೆಲಸ ಬಂದಾಗ ದುಂಡು ಬ್ಲೇಡಿನ ಸರ್ಕ್ಯುಲರ್ ಸಾ ತಗೊಳ್ಳಿ. ಹಲಗೆಗೆ ಎರಡೂ ಬದಿ ಸರಿಯಾದ ಆಸರೆ ಇಲ್ಲದಿದ್ದರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಗರಗಸ ನಿಮ್ಮ ಕಡೆಗೇ ಎಗರುತ್ತದೆ.

ಮೂರನೆಯದು ಸ್ಯಾಂಡರ್. 125 ಮಿಲಿಮೀಟರಿನ ದುಂಡನೆಯದು, ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು. 80, 120, 180 ನಂಬರಿನ ಉಪ್ಪು ಕಾಗದ ಸಾಕು.

ಗ್ರೈಂಡರ್ ಲೋಹಕ್ಕೆ ಒಳ್ಳೆಯ ಟೂಲ್. ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಲೇಬೇಡಿ. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರ ಕೈಗೂ ಇಲ್ಲ. ಬ್ಲೇಡ್ ಅಂಗಡಿಯಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ. ದಯವಿಟ್ಟು ಬೇಡ.

ಎರಡನೆಯ ಟೂಲಿಗೆ ಮೊದಲೇ, ಮರದ ತುಂಡನ್ನು ಮೇಜಿಗೆ ಬಿಗಿದು ಹಿಡಿಯುವ ಎರಡು ಕ್ಲಾಂಪ್ ಕೊಂಡಿಟ್ಟುಕೊಳ್ಳಿ. ಅಂಗೈಯಗಲದ ತುಂಡೊಂದನ್ನು ಎಡಗೈಯಲ್ಲೇ ಹಿಡಿದು ನಾನು ತೂತು ಕೊರೆಯಲು ಹೋಗಿದ್ದೆ. ಬಿಟ್ ಕಚ್ಚಿಕೊಂಡಿತು. ತುಂಡು ಗಿರ್ರನೆ ತಿರುಗಿ ಹೆಬ್ಬೆರಳು ಸೀಳಿತು. ಅವತ್ತಿನಿಂದ ಎಷ್ಟೇ ಚಿಕ್ಕ ತುಂಡಾದರೂ ಕ್ಲಾಂಪ್ ಹಾಕುತ್ತೇನೆ. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಎನ್95 ಮಾಸ್ಕ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಸ್ಯಾಂಡರ್ ಹಾರಿಸುವ ಆ ಹಿಟ್ಟಿನಂಥ ಪುಡಿಯೇ ಜಾಸ್ತಿ ಅಪಾಯ. ಡ್ರಿಲ್ ತಿರುಗುವಾಗ ಗ್ಲೌಸ್ ಬೇಡ, ಬಟ್ಟೆ ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಅಂಗಡಿಯಲ್ಲಿ ಡ್ರಿಲ್ ಕೈಗೆ ತಗೊಂಡಾಗ ಟ್ರಿಗರನ್ನು ಮೆಲ್ಲಗೆ ಒತ್ತಿ ನೋಡಿ. ವೇಗ ನಿಧಾನವಾಗಿ ಏರಬೇಕು. ಆಮೇಲೆ ಉದ್ದನೆಯ ನೇರ ಬಿಟ್ ಒಂದನ್ನು ಹಾಕಿಸಿ ನಿಧಾನಕ್ಕೆ ತಿರುಗಿಸಿ. ತುದಿ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಬೇರೆ ಪೀಸ್ ಕೇಳಿ.